ಗಿರಣಿ ನಿಂತ ಮಧ್ಯಾಹ್ನ

ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಹಾಕಿ ತುರುಕಿದ ತೆಳ್ಳನೆಯ ಕಾಗದವೊಂದಿರುತ್ತದಲ್ಲ, ಯಾರೂ ಬಿಚ್ಚಿ ನೋಡದ್ದು, ಬಿಚ್ಚಿದರೆ ಮತ್ತೆ ಮಡಚಲು ಬಾರದ್ದು, ಅದನ್ನು ಅಚ್ಚಿಗೆ ಹೋಗುವ ಮೊದಲು ಅಕ್ಷರ ಅಕ್ಷರ ಓದಿ ತಪ್ಪು ತಿದ್ದುವುದು ಅವಳ ಕೆಲಸ. ತಲೆಸುತ್ತು, ಬಾಯಿ ಒಣಗುವಿಕೆ, ಅಪರೂಪಕ್ಕೆ ನಾಲಿಗೆ ಊತ. ಆರು ವರ್ಷ ಇದನ್ನೇ ಓದಿದವಳಿಗೆ ಲೋಕದಲ್ಲಿ ಅಡ್ಡಪರಿಣಾಮವಿಲ್ಲದ ವಸ್ತುವೇ ಕಾಣುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮನೆಯ ಪ್ರತಿ ಪ್ಲಗ್ಗಿನ ತೂತಿಗೂ ಪ್ಲಾಸ್ಟಿಕ್ ಮುಚ್ಚಳ ಬಿತ್ತು, ಮೇಜಿನ ನಾಲ್ಕು ಮೂಲೆಗೂ ಸ್ಪಂಜಿನ ಟೋಪಿ ಬಂತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಹದಿನೇಳು ಎಚ್ಚರಿಕೆಗಳಿದ್ದವು. ಹದಿನೇಳನೆಯದು: 'ಈ ಪಟ್ಟಿಯನ್ನು ಹಿಡಿದಿರುವ ಮ್ಯಾಗ್ನೆಟ್ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ.'

ಇಂಥವಳು ನೀರನ್ನೂ ಕರೆಂಟನ್ನೂ ಒಂದೇ ಡಬ್ಬಿಯೊಳಗೆ ಕೂಡಿಹಾಕುವ ಕೆಲಸಕ್ಕೆ ಕೈಹಾಕಿದಳು ಎಂದರೆ ನಂಬುವುದು ಕಷ್ಟ. ಅವಳಿಗೂ ಕಷ್ಟವಾಗಿತ್ತು.

ಎಲ್ಲದಕ್ಕೂ ಕಾರಣ ಶನಿವಾರ. ಶನಿವಾರ ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ, ಮಗಳು ನಿದ್ದೆ ಮಾಡುವ ಹೊತ್ತಿನಲ್ಲಿ, ಅವಳು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ, ಗುಮ್ಮ. ಅಕ್ಕ, ಅಕ್ಕನ ಜೊತೆ ಓದಿದ ಇಬ್ಬರು ಗೆಳತಿಯರು ಮತ್ತು ಇವಳು, ನಾಲ್ವರ ತಂಡ. ಬೇರೆ ಬೇರೆ ಊರಲ್ಲಿ ಕುಳಿತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪರದೆಯ ಮೇಲಿನ ಕೋಟೆಯೊಂದನ್ನು ಕಾಯುವ ಆಟ. ಮೂವರು ಹೊರಗೆ ಹೋಗಿ ಹೊಡೆದಾಡಿದರೆ, ಗುಮ್ಮ ಎಂಬ ಹೆಸರಿನಲ್ಲಿ ಆಡುವ ಇವಳ ಪಾಲಿಗೆ ಕೋಟೆಬಾಗಿಲು. ಅಲ್ಲಿ ಒಬ್ಬಳೇ ನಿಲ್ಲಬೇಕು. ಜಿರಲೆ ಕಂಡರೆ ಮಂಚ ಹತ್ತುವ ಹೆಂಗಸು ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಬಾಗಿಲು ಬಿಟ್ಟು ಕದಲಿರಲಿಲ್ಲ. ಭೂಮಿಯ ಮೇಲೆ ಅವಳಿಗೆ ಹೆದರಿಕೆಯಾಗದ ಜಾಗ ಅದೊಂದೇ, ಮತ್ತು ಆ ಜಾಗ ಭೂಮಿಯ ಮೇಲಿರಲಿಲ್ಲ.

ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಿ. ಗಂಡ ಮದುವೆಗೆ ಮುಂಚೆ ಕೊಂಡಿದ್ದ ಹಳೆಯ ಪೆಟ್ಟಿಗೆ. ಗುಂಡಿ ಒತ್ತಿದ್ದೇ ತಡ, ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಎಂದು ಶುರುವಾದರೆ ಆರಿಸುವವರೆಗೂ ಅದೇ ರಾಗ. ಮನೆಯಲ್ಲಿ ಎಲ್ಲರೂ ಅದನ್ನು ಗಿರಣಿ ಎಂದೇ ಕರೆಯುತ್ತಿದ್ದರು. ಹೆರಿಗೆಯಾದ ಮೇಲೆ ಆಫೀಸಿನ ಕಾಗದಗಳನ್ನು ಮನೆಯಿಂದಲೇ ತಿದ್ದುತ್ತಿದ್ದಳಾದ್ದರಿಂದ ಮಗಳ ತೊಟ್ಟಿಲಿನಿಂದ ನಾಲ್ಕು ಮೊಳ ದೂರದಲ್ಲಿ ಗಿರಣಿ ದಿನವಿಡೀ ಓಡುತ್ತಿತ್ತು. ಕಾಗದ ತಿದ್ದುವ ಕೆಲಸಕ್ಕೆ ಅದು ಎಷ್ಟು ಹೊತ್ತು ಬೇಕಾದರೂ ಗೊಣಗಿಕೊಂಡು ಬಿದ್ದಿರುತ್ತಿತ್ತು. ಆಟಕ್ಕೆ ಕೂತರೆ ಮಾತ್ರ ಮೈಯೆಲ್ಲ ಕಾದು, ಸರಿಯಾಗಿ ಶತ್ರು ಬಾಗಿಲಿಗೆ ಬಂದಾಗ ಪಟ್ಟನೆ ಆರಿಹೋಗುತ್ತಿತ್ತು. ತಕ್ಷಣ ಗುಂಡಿ ಒತ್ತಿದರೆ ಮತ್ತೆ ಗುಂಯ್ ಎನ್ನುತ್ತಿತ್ತು, ಆಟ ಮಾತ್ರ ಅಷ್ಟರಲ್ಲಿ ಮುಗಿದಿರುತ್ತಿತ್ತು. ಒಂದರ ಹಿಂದೊಂದು ಮೂರು ಶನಿವಾರ ಹೀಗಾದ ಮೇಲೆ ಅಕ್ಕ ಫೋನ್ ಮಾಡಿದಳು.

"ನೋಡೇ, ನಾನು ಅಕ್ಕ ಆಗಿ ಹೇಳ್ತಿಲ್ಲ. ಕ್ಯಾಪ್ಟನ್ ಆಗಿ ಹೇಳ್ತಿದೀನಿ."

"ಅಕ್ಕ ಆಗಿದ್ರೆ ಏನು ಹೇಳ್ತಿದ್ದೆ?"

"ಬೈತಿದ್ದೆ. ಕ್ಯಾಪ್ಟನ್ ಅಲ್ವಾ, ಅದಕ್ಕೇ ಮರ್ಯಾದೆ ಕೊಟ್ಟು ಮಾತಾಡ್ತಿದೀನಿ. ಮುಂದಿನ ತಿಂಗಳು ಮೊದಲನೇ ಶನಿವಾರ ಟೂರ್ನಮೆಂಟಿನ ಕೊನೇ ಸುತ್ತು. ಅವತ್ತೂ ಮಧ್ಯದಲ್ಲಿ ಮಾಯ ಆದ್ರೆ, ಅಲ್ಲಿಂದಾಚೆ ನನ್ನ ಆಫೀಸಿನ ಹುಡುಗೀನ ಬಾಗಿಲಿಗೆ ನಿಲ್ಲಿಸ್ತೀನಿ."

"ಅವಳು ಅಷ್ಟು ಚೆನ್ನಾಗಿ ಆಡ್ತಾಳಾ?"

"ಅವಳಿಗೆ ಮಗು ಇಲ್ಲ."

ಆ ನಾಲ್ಕು ಪದಗಳಷ್ಟೂ ಇಲ್ಲದ ಮಾತನ್ನು ಅವಳು ನಾಲ್ಕು ದಿನ ಮೆಲುಕು ಹಾಕಿದಳು. ಅದೇ ನೆಪವಾಗಿ ಇನ್ನೊಂದು ಚಿಂತೆಯೂ ತಲೆ ಎತ್ತಿತು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ತೊಟ್ಟಿಲ ಮೇಲೆ ಹಿಡಿದಳು. ಅಂಕಿ ನಂಬದೆ ಮತ್ತೆರಡು ಸಲ ಅಳೆದಳು. ಮಗಳೇನೋ ಗಿರಣಿಯ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಸೊಂಪಾಗಿ ಮಲಗುತ್ತಿದ್ದಳು. ಆದರೆ ಅದು ತನ್ನ ಪುಣ್ಯವೆಂದೂ, ಆ ಪುಣ್ಯ ಇವತ್ತೋ ನಾಳೆಯೋ ಮುಗಿದು ಮಗು ಬೆಚ್ಚಿಬಿದ್ದು ಏಳುತ್ತದೆಂದೂ ಅವಳು ತೀರ್ಮಾನಿಸಿದಳು. ಬಿಸಿಯೂ ಆಗಬಾರದು, ಸದ್ದೂ ಬರಬಾರದು. ಹುಡುಕಿದಾಗ ಸಿಕ್ಕ ಉತ್ತರ, ನೀರು ಹರಿದು ತಂಪಾಗುವ ಹೊಸ ಕಂಪ್ಯೂಟರು. ಒಳಗಿನ ಚಿಪ್‌ಗಳ ಬೆನ್ನಿಗೆ ತಾಮ್ರದ ಬಿಲ್ಲೆ ಕೂರಿಸಿ, ಅದರೊಳಗೆ ನೀರು ಹರಿಸಿ, ಬಿಸಿಯಾದ ನೀರನ್ನು ಕಾರಿನಲ್ಲಿರುವಂಥ ರೇಡಿಯೇಟರಿಗೆ ಕಳಿಸಿ, ತಣ್ಣಗಾದದ್ದನ್ನು ಪುಟ್ಟ ಪಂಪಿನಿಂದ ಮತ್ತೆ ಒಳಕ್ಕೆ ತಳ್ಳುವ ಏರ್ಪಾಡು.

"ಜೋಡಿಸಿರೋದೇ ಸಿಗುತ್ತಲ್ಲ?" ಎಂದ ಗಂಡ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವವನು, ನೇರ ದಾರಿಯ ಮನುಷ್ಯ.

"ಜೋಡಿಸಿದವರು ಕೈ ತೊಳ್ಕೊಂಡು ಜೋಡಿಸಿದ್ರೋ ಇಲ್ವೋ ಯಾರಿಗೆ ಗೊತ್ತು?"

"ಕಂಪ್ಯೂಟರನ್ನ ನಾವು ತಿನ್ನಲ್ಲ ಕಣೇ."

"ನೀನು ತಿನ್ನಲ್ಲ. ನಿನ್ನ ಮಗಳನ್ನ ಕೇಳು."

ಮಗಳಿಗೆ ಹದಿನಾಲ್ಕು ತಿಂಗಳು. ಹಿಂದಿನ ವಾರವಷ್ಟೇ ಅಪ್ಪನ ಚಪ್ಪಲಿಯ ಮೂಲೆಯನ್ನು ಅರ್ಧ ಮುಗಿಸಿದ್ದಳು. ಗಂಡ ಚಪ್ಪಲಿಯನ್ನು ಎತ್ತಿ ಮೇಲಿಟ್ಟ.

ಹೀಗೆ ಕೆಲಸ ಶುರುವಾಯಿತು. ಗಿರಣಿಯಲ್ಲಿ ವಿಡಿಯೊ ಹಾಕಿಕೊಂಡು, ಮಗಳು ಮಲಗಿದ ಎರಡು ತಾಸಿನಲ್ಲಿ, ಊಟದ ಮೇಜಿನ ಮೇಲೆ ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ಹರಡಿಕೊಂಡು ಕೂರುತ್ತಿದ್ದಳು. ಒಟ್ಟು ನಲವತ್ತಮೂರು ವಿಡಿಯೊ ನೋಡಿದಳು. ಬಣ್ಣವಿಲ್ಲದ ತಂಪು ದ್ರವವನ್ನೇ ಆರಿಸಿ ತರಿಸಿ, ಅದರ ಸೀಸೆಯ ಮೇಲಿನ ಎಚ್ಚರಿಕೆಯನ್ನು ಮೂರು ಸಲ ಓದಿ, ಎರಡು ಮುದ್ರಣದೋಷ ಪತ್ತೆಹಚ್ಚಿ ತಯಾರಕರಿಗೆ ಪತ್ರ ಬರೆದಳು. ಮಗಳ ಕೈಗೆಟುಕದಂತೆ ಸೀಸೆಯನ್ನು ಬೀರುವಿನ ಮೇಲಿಟ್ಟಳು. ಅಲ್ಲಿ ಅದು ಅವಳ ಕೈಗೂ ಎಟುಕದೆ, ಪ್ರತಿಸಲ ಸ್ಟೂಲು ಹತ್ತಬೇಕಾಯಿತು.

ಈ ಕಥೆಯಲ್ಲಿ ಅವಳ ದಡ್ಡತನದ ಮೊದಲ ಅಂಕ ಯಾವುದೆಂದರೆ, ಈ ನಲವತ್ತಮೂರು ವಿಡಿಯೊ ನೋಡುವಾಗ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಾ ಮಾವ ಕೂತಿದ್ದರು. ನೀರು ಸರಬರಾಜಿನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಪೈಪು ಜೋಡಿಸಿ ನಿವೃತ್ತರಾದವರು. ಕೇಳಿದ್ದರೆ ಎದ್ದು ಬರುತ್ತಿದ್ದರು. ಅವಳು ಕೇಳಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಪೈಪಿನ ವಿಷಯ ಮಾವನನ್ನು ಕೇಳುವುದೇ ಎಂಬ ಬಿಂಕ ಒಂದು ಕಡೆ. ಎಲ್ಲಿ ಅವರು ನಲ್ಲಿಗೆ ಮಾಡುವ ಹಾಗೆ ಪಂಪಿನ ಬಾಯಿಗೆ ಸೆಣಬು ಸುತ್ತಿ ಬಿಳಿ ಬಣ್ಣ ಮೆತ್ತಿಬಿಡುತ್ತಾರೋ ಎಂಬ ಭಯ ಇನ್ನೊಂದು ಕಡೆ. ಅವರ ಹೆಜ್ಜೆ ಸದ್ದು ಕೇಳಿದರೆ ಸಾಕು, ಎಲ್ಲದರ ಮೇಲೂ ಮೇಜಿನ ಬಟ್ಟೆ ಎಳೆದು, ಮೇಲೊಂದು ಬಾಳೆಹಣ್ಣಿನ ತಟ್ಟೆ ಇಡುತ್ತಿದ್ದಳು. ಮೂರು ವಾರದಿಂದ ಊಟದ ಮೇಜಿನ ಮೇಲೆ ಬಾಳೆಹಣ್ಣು ಮೊಣಕಾಲೆತ್ತರದಲ್ಲಿ ಯಾಕೆ ಕೂತಿದೆ ಎಂದು ಮಾವ ಒಮ್ಮೆಯೂ ಕೇಳಲಿಲ್ಲ. ಅವರ ದೊಡ್ಡತನ.

ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಪೈಪು ಬಗ್ಗಿಸುವುದಕ್ಕೇ ಹತ್ತು ಮಧ್ಯಾಹ್ನ ಹಿಡಿಯಿತು. ಬಿಸಿಗಾಳಿಯ ಯಂತ್ರದಿಂದ ಕಾಯಿಸಿ, ಮೆತ್ತಗಾದಾಗ ಮೆಲ್ಲನೆ ಬಗ್ಗಿಸಿ, ಆರುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಗೇಣುದ್ದದ ಆರು ತುಂಡುಗಳು ಕೊನೆಗೂ ಮೊಣಕೈಯಂತೆ ಅಂದವಾಗಿ ಬಾಗಿ ನಿಂತಾಗ ಸಾಲಾಗಿ ಜೋಡಿಸಿ ಫೋಟೊ ತೆಗೆದು ಅಕ್ಕನಿಗೆ ಕಳಿಸಿದಳು. ಅಕ್ಕ, 'ನೀನೇ ಮಾಡಿದ್ದಾ? ಸುಳ್ಳು' ಎಂದು ಬರೆದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆತನದಲ್ಲಿ ಇರಲಿಲ್ಲ.

ಕೊನೆಯ ಸುತ್ತಿಗೆ ನಾಲ್ಕು ದಿನ ಉಳಿದಿತ್ತು. ಕೈಪಿಡಿಯ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: 'ಜೋಡಿಸುವ ಮುನ್ನ ಎಲ್ಲ ಭಾಗಗಳನ್ನೂ ಚೆನ್ನಾಗಿ ಶುಚಿಗೊಳಿಸಿ.' ಬೇರೆಯವರಾಗಿದ್ದರೆ ನೀರಲ್ಲಿ ಜಾಲಿಸಿ ಬಿಟ್ಟುಬಿಡುತ್ತಿದ್ದರು. ಅವಳ ಪಾಲಿಗೆ 'ಚೆನ್ನಾಗಿ' ಎಂಬುದಕ್ಕೆ ಹದಿನಾಲ್ಕು ತಿಂಗಳಿಂದ ಒಂದೇ ಅರ್ಥ. ಅಡುಗೆಮನೆಯಲ್ಲಿ ಮಗಳ ಹಾಲಿನ ಬಾಟಲಿಗಳನ್ನು ಹಬೆಯಲ್ಲಿ ಬೇಯಿಸುವ ಯಂತ್ರವಿತ್ತು. ಮಗುವಿಗೆ ವರ್ಷ ತುಂಬಿತು, ಇನ್ನು ಇದೆಲ್ಲ ಬೇಡ ಎಂದು ಡಾಕ್ಟರು ಹೇಳಿದ್ದರೂ ಇವಳು ನಿಲ್ಲಿಸಿರಲಿಲ್ಲ. ಪೈಪುಗಳ ಬಾಯಿಗೆ ಹಾಕುವ ಹಿತ್ತಾಳೆಯ ತಿರುಪುಗಳು, ಅವುಗಳಿಂದಲೂ ದ್ರವ ತುಂಬುವ ಪುಟ್ಟ ಟ್ಯಾಂಕಿನಿಂದಲೂ ಬಿಡಿಸಿದ ರಬ್ಬರಿನ ಉಂಗುರಗಳು, ಮಗಳ ಎರಡು ಬಾಟಲಿ, ಅವುಗಳ ಮುಚ್ಚಳ, ಮತ್ತು ಆ ಆರು ಪೈಪು, ಎಲ್ಲವನ್ನೂ ಒಟ್ಟಿಗೆ ಒಳಗಿಟ್ಟಳು. ಟ್ಯಾಂಕು ಮಾತ್ರ ಹಿಡಿಸದೆ ಹೊರಗೆ ಉಳಿಯಿತು, ಅದರ ಅದೃಷ್ಟ. ಹನ್ನೆರಡು ನಿಮಿಷಕ್ಕೆ ಗುಂಡಿ ತಿರುಗಿಸಿ, ಕೈ ಒರೆಸಿಕೊಂಡು, ಅಂತೂ ಒಂದು ಕೆಲಸವನ್ನಾದರೂ ವಿಡಿಯೊದವರಿಗಿಂತ ಚೆನ್ನಾಗಿ ಮಾಡಿದೆ ಎಂದು ಬೀಗಿದಳು.

ಟಿಣ್ ಎಂದಿತು. ಮುಚ್ಚಳ ತೆಗೆದಳು. ಹಬೆ ಸರಿದ ಮೇಲೆ ನೋಡಿದರೆ, ಆರು ಪೈಪುಗಳೂ ಬಾಟಲಿಗಳ ಕುತ್ತಿಗೆ ತಬ್ಬಿಕೊಂಡು, ಬೇಸಿಗೆಯಲ್ಲಿ ನೆರಳು ಕಂಡ ನಾಯಿಗಳಂತೆ ಮೈಚೆಲ್ಲಿ ಮಲಗಿದ್ದವು.

ಬಿಸಿ ತಗುಲಿದರೆ ಆ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ ಎಂಬುದು ಇಡೀ ಬೀದಿಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಹತ್ತು ದಿನ ಅದನ್ನೇ ಮಾಡಿದ್ದಳು.

ಮುಚ್ಚಳವನ್ನು ಮತ್ತೆ ಮುಚ್ಚಹೊರಟಳು. ಅಷ್ಟರಲ್ಲಿ ಬಾಟಲಿ ತೆಗೆದುಕೊಳ್ಳಲು ಮಾವ ಅಡುಗೆಮನೆಗೆ ಬಂದರು. ಮೇಜಿನ ಬಟ್ಟೆಯಾಗಲಿ ಬಾಳೆಹಣ್ಣಾಗಲಿ ಹತ್ತಿರದಲ್ಲಿರಲಿಲ್ಲ. ಮಾವ ಹಬೆಯೊಳಗೆ ಇಣುಕಿದರು, ಒಂದು ಪೈಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅದು ಜೋತುಬಿತ್ತು.

"ಇದೇನಮ್ಮ, ಪೈಪು ಬೇಯಿಸಿದೀಯ?"

"ಶುಚಿ ಮಾಡ್ತಿದ್ದೆ ಮಾವ."

"ಬೆಂದಿದೆ," ಎಂದರು ಮಾವ, ಪರೀಕ್ಷೆ ಮಾಡಿದವರಂತೆ. "ಆ ಬಾಳೆಹಣ್ಣಿನ ಕೆಳಗಿದೆಯಲ್ಲ, ಅದಕ್ಕಾ ಇದು?"

ಅವಳು ನಾಲಿಗೆ ಕಚ್ಚಿಕೊಂಡು ತಲೆಯಾಡಿಸಿದಳು. ಆಮೇಲೆ ಎಲ್ಲವನ್ನೂ ಒದರಿಬಿಟ್ಟಳು: ಶನಿವಾರ, ಅಕ್ಕ, ಕೋಟೆಬಾಗಿಲು, ಮಗು ಇಲ್ಲದ ಹುಡುಗಿ. ಮಾವನಿಗೆ ಕೋಟೆ ಎಷ್ಟು ಅರ್ಥವಾಯಿತೋ ತಿಳಿಯದು. ಪೈಪು ಅರ್ಥವಾಯಿತು.

"ಬಗ್ಗಿಸೋಕೆ ಯಾಕೆ ಹೋದೆ? ನೆಟ್ಟಗಿರೋದು ಮಿಕ್ಕಿದೆಯಾ?"

"ಎರಡಿದೆ. ಆದ್ರೆ ವಿಡಿಯೊದಲ್ಲಿ ಎಲ್ಲರೂ ಬಗ್ಗಿಸೇ ಹಾಕ್ತಾರೆ ಮಾವ. ನೋಡೋಕೆ ಚೆಂದ ಅಂತ."

"ತಿರುವಲ್ಲಿ ಎಲ್ಬೋ ಹಾಕು. ನೀರಿಗೇನು ಗೊತ್ತಮ್ಮ ಅದು ಬಳುಕಿಕೊಂಡು ಹೋಗ್ತಿದೆಯೋ, ಮೂಲೆ ತಿರುಗಿ ಹೋಗ್ತಿದೆಯೋ?"

ಗಂಡ ಮರುದಿನ ಎಲ್ಬೋ ತಂದ. ಮಾವ ಮಂಚದ ಕೆಳಗಿನಿಂದ ತಮ್ಮ ಹಳೆಯ ಕ್ಯಾನ್ವಾಸ್ ಚೀಲ ಎಳೆದರು. ಸಣ್ಣ ಗರಗಸದಿಂದ ಪೈಪು ಕೊಯ್ದು, ಕೊಯ್ದ ಅಂಚನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ಮತ್ತೆ ಉಜ್ಜಿದರು. "ಈ ಅಂಚು ಚೂಪಾಗಿದ್ರೆ ಒಳಗಿನ ರಬ್ಬರನ್ನ ಕೊಯ್ದುಬಿಡುತ್ತೆ," ಎಂದರು. ನಲವತ್ತಮೂರು ವಿಡಿಯೊದಲ್ಲಿ ಒಂದರಲ್ಲೂ ಯಾರೂ ಇದನ್ನು ಇಷ್ಟು ಮೆಲ್ಲಗೆ ಹೇಳಿರಲಿಲ್ಲ. ಸೆಣಬಿನ ಸುದ್ದಿಯನ್ನೇ ಅವರು ಎತ್ತಲಿಲ್ಲ. ಕೊನೆಗೆ ಅವಳೇ ತಡೆಯಲಾರದೆ ಕೇಳಿದಳು.

"ಸೆಣಬು? ರಬ್ಬರ್ ಇರೋ ಕಡೆ ಸೆಣಬು ಯಾರಾದ್ರೂ ಸುತ್ತುತ್ತಾರಾ?" ಎಂದು ಅವಳನ್ನು ಕನಿಕರದಿಂದ ನೋಡಿದರು.

ಗುರುವಾರ ಮಧ್ಯಾಹ್ನ ಜೋಡಣೆ ಮುಗಿಯಿತು. ಇನ್ನು ಪರೀಕ್ಷೆ. ಬೇರೆ ಯಾವುದಕ್ಕೂ ಕರೆಂಟು ಕೊಡದೆ ಪಂಪೊಂದನ್ನೇ ಒಂದು ದಿನ ಪೂರ್ತಿ ಓಡಿಸಿ, ಪ್ರತಿ ಸಂದಿಯ ಕೆಳಗೂ ಟಿಶ್ಯೂ ಕಾಗದ ಹಾಸಿ ಸೋರಿಕೆ ನೋಡಬೇಕು. ಈ ಒಂದು ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹದಿನಾಲ್ಕು ತಿಂಗಳಿಂದ ಗಂಟೆಗೊಮ್ಮೆ ಒದ್ದೆಯಾಗಿದೆಯೇ ಎಂದು ಬೆರಳಿಟ್ಟು ನೋಡಿ ಪಳಗಿದ ಕೈ. ಹತ್ತೇ ನಿಮಿಷಕ್ಕೆ ಟ್ಯಾಂಕಿನ ತಳದ ಕಾಗದ ತೊಯ್ದಿತು.

ಮಾವ ಪಂಪು ನಿಲ್ಲಿಸಿ, ನೀರು ಬಸಿದು, ತಳ ಬಿಚ್ಚಿದರು. "ಇಲ್ಲೊಂದು ದೊಡ್ಡ ಉಂಗುರ ಇರಬೇಕಲ್ಲಮ್ಮ?"

ಇರಬೇಕು. ಬಳೆಯಷ್ಟು ಅಗಲದ ಕಪ್ಪು ರಬ್ಬರ್ ಉಂಗುರ. ಚಿಕ್ಕವು ಇಪ್ಪತ್ತನಾಲ್ಕನ್ನು ಮೂರು ಸಲ ಎಣಿಸಿಟ್ಟವಳು ದೊಡ್ಡದೊಂದನ್ನು ಮರೆತಿದ್ದಳು. ಮೇಜಿನ ಮೇಲಿಲ್ಲ, ಕೆಳಗಿಲ್ಲ, ಹಬೆ ಯಂತ್ರದೊಳಗೂ ಇಲ್ಲ. ಅವಳು ನಿಧಾನವಾಗಿ ತಿರುಗಿ, ಆಟಿಕೆಗಳ ನಡುವೆ ಕೂತು ಏನನ್ನೋ ಚಪ್ಪರಿಸುತ್ತಿದ್ದ ಮಗಳನ್ನು ನೋಡಿದಳು.

"ನುಂಗಿದಾಳೆ! ಮಾವ, ಇವಳು ನುಂಗಿದಾಳೆ!"

ಬಾಯಿಗೆ ಬೆರಳು ಹಾಕಿ ನೋಡಿದರೆ ಸಿಕ್ಕಿದ್ದು ಬಿಸ್ಕತ್ತು. ಮಗಳು ಬೆರಳು ಕಚ್ಚಿದಳು. ಅವಳು ಡಾಕ್ಟರಿಗೆ ಫೋನ್ ಒತ್ತತೊಡಗಿದಳು.

"ಅಷ್ಟು ದೊಡ್ಡದು ನುಂಗೋಕೆ ಅವಳೇನು ಹೆಬ್ಬಾವಾ?" ಎಂದರು ಮಾವ. "ಫೋನ್ ಕೆಳಗಿಡು. ಒಂದು ಕೇಳ್ತೀನಿ. ಈ ಮಗೂ ಬಾಟಲಿ ದಿನಾ ಹಾಲು ಸೋರ್ತಿತ್ತು ಅಲ್ವಾ?"

"ಸೋರ್ತಿತ್ತು. ಎರಡು ದಿನದಿಂದ ನಿಂತಿದೆ. ಈಗ ಅದ್ಯಾಕೆ ಮಾವ..."

ಮಾವ ಬಾಟಲಿಯ ಮುಚ್ಚಳ ತಿರುಗಿಸಿದರು. ಒಳಸುತ್ತಿನಲ್ಲಿ ಕಪ್ಪು ಉಂಗುರ, ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಹಬೆ ಯಂತ್ರದೊಳಗೆ ಮುಚ್ಚಳಕ್ಕೆ ಅಂಟಿಕೊಂಡದ್ದನ್ನು ಗಮನಿಸದೆ ಇವಳೇ ಕೈಯಾರೆ ತಿರುಗಿಸಿ ಭದ್ರ ಮಾಡಿದ್ದಳು. ಕಂಪ್ಯೂಟರ್ ಸೋರುತ್ತಿತ್ತು, ಮಗಳ ಹಾಲು ಸೋರುತ್ತಿರಲಿಲ್ಲ. ಉಂಗುರ ಜಾಗ ಬದಲಿಸಿದ ಮೇಲೆ ಕಂಪ್ಯೂಟರ್ ಸೋರುವುದು ನಿಂತಿತು, ಹಾಲು ಮತ್ತೆ ಸೋರತೊಡಗಿತು.

ಶನಿವಾರ ಬಂತು. ಮಾವ ಬೆಳಗ್ಗೆಯೇ ಟಿಶ್ಯೂ ಕಾಗದಗಳನ್ನೆಲ್ಲ ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿ, "ಒಣಗಿದೆ," ಎಂದು ಅಪ್ಪಣೆ ಕೊಟ್ಟಿದ್ದರು. ಗಿರಣಿಯ ಪ್ಲಗ್ಗು ಕಿತ್ತು, ಅದನ್ನು ಕೋಣೆಯ ಮೂಲೆಗೆ ಸರಿಸಿ, ಮೇಲೊಂದು ಟವೆಲು ಹೊದಿಸಿದಳು. ಒಂದೂವರೆಗೆ ಮಗಳು ಎದೆಗೊರಗಿ ನಿದ್ದೆಹೋದಳು. ತೊಟ್ಟಿಲಲ್ಲಿ ಮಲಗಿಸಿ ಹೊಸದರ ಗುಂಡಿ ಒತ್ತಿದಳು. ಏನೂ ಕೇಳಿಸಲಿಲ್ಲ.

"ಓಡ್ತಿದೆಯಾ?" ಬಾಗಿಲಲ್ಲಿ ನಿಂತು ಮಾವ ಪಿಸುಗುಟ್ಟಿದರು.

ಟ್ಯಾಂಕಿನೊಳಗೆ ಒಂದು ಗುಳ್ಳೆ ಮೆಲ್ಲನೆ ಸುತ್ತು ಹಾಕುತ್ತಿತ್ತು. ಓಡುತ್ತಿತ್ತು. ಅಷ್ಟು ನಿಶ್ಶಬ್ದವಾಗಿ ಆ ಕೋಣೆ ಮಗಳು ಹುಟ್ಟಿದ ಮೇಲೆ ಎಂದೂ ಇರಲಿಲ್ಲ.

ಎರಡಕ್ಕೆ ಆಟ ಶುರು. ಗುಮ್ಮ ಬಾಗಿಲಲ್ಲಿ ನಿಂತಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಮಗಳು ಕಣ್ಣು ತೆರೆದಳು. ಹನ್ನೊಂದನೇ ನಿಮಿಷಕ್ಕೆ ಮನೆ ಹಾರಿಹೋಗುವಂತೆ ಕಿರುಚಿದಳು.

"ಏನದು?" ಹೆಡ್‌ಫೋನಿನಲ್ಲಿ ಅಕ್ಕ.

"ಏನಿಲ್ಲ."

"ಏನಿಲ್ಲ ಅಂದ್ರೆ? ಸೈರನ್ ಥರ ಕೇಳ್ತಿದೆ. ಗುಮ್ಮ, ಬಾಗಿಲ ಕಡೆ ನೋಡು, ಐದು ಜನ ಬರ್ತಿದಾರೆ!"

ಮಾವ ಬಂದು ಮಗುವನ್ನು ಎತ್ತಿಕೊಂಡರು. ತಟ್ಟಿದರು, ತೂಗಿದರು, ಕಿಟಕಿಯಾಚೆಯ ಹಕ್ಕಿ ತೋರಿಸಿದರು. ಮಗಳು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಅಮ್ಮನ ಕಡೆ ಕೈಚಾಚಿ ಇನ್ನೂ ಜೋರು ಮಾಡಿದಳು. ಪರದೆಯಲ್ಲಿ ಶತ್ರುಗಳು ಬಾಗಿಲಿಗೆ ಬಂದೇಬಿಟ್ಟರು. ಅವಳ ಒಂದು ಕೈ ಕೀಲಿಮಣೆಯ ಮೇಲಿತ್ತು, ಇನ್ನೊಂದು ಹೆಡ್‌ಫೋನಿಗೆ ಹೋಯಿತು. ತೆಗೆದರೆ ಗುಮ್ಮ ಇವತ್ತಿಗೆ ಸತ್ತಳು, ಮುಂದಿನ ವಾರದಿಂದ ಆ ಬಾಗಿಲಲ್ಲಿ ಬೇರೆ ಹುಡುಗಿ. ತೆಗೆಯದಿದ್ದರೆ ತಾನು ಎಂಥ ತಾಯಿ?

"ಅಕ್ಕ," ಎಂದಳು. "ಆ ಹುಡುಗಿಗೆ ಹೇಳ್ಬಿಡು..."

"ಒಂದು ನಿಮಿಷ ಇರಮ್ಮ," ಎಂದರು ಮಾವ ಹಿಂದಿನಿಂದ. ಮಗುವನ್ನು ಹೆಗಲಿಗೆ ಹಾಕಿಕೊಂಡು ಮೂಲೆಯನ್ನೇ ನೋಡುತ್ತಿದ್ದರು. "ಇವತ್ತು ಗಿರಣಿ ಯಾಕೆ ನಿಂತಿದೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಬಗ್ಗಿ, ಟವೆಲು ಎಳೆದು, ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿದರು. ಗುಂಯ್ ಎಂದಿತು. ಮಗಳು ಕಿರುಚುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಎರಡು ಸಲ ಬಿಕ್ಕಿದಳು. ಹೆಬ್ಬೆರಳು ಬಾಯಿಗೆ ಹೋಯಿತು, ತಲೆ ಅಜ್ಜನ ಹೆಗಲಿಗೆ ಬಿತ್ತು.

ಹುಟ್ಟಿದಾಗಿನಿಂದ ಆ ಮಗುವಿಗೆ ರಾತ್ರಿ ಅಪ್ಪನ ಗೊರಕೆ, ಹಗಲು ಅಮ್ಮನ ಗಿರಣಿ. ಸದ್ದನ್ನು ಅಳೆಯಲು ಆ್ಯಪ್ ಹಾಕಿದ ಮಹಾತಾಯಿ, ಸದ್ದಿಲ್ಲದಿದ್ದರೆ ಏನಾಗುತ್ತದೆ ಎಂದು ಒಂದು ಮಧ್ಯಾಹ್ನವಾದರೂ ನೋಡಿರಲಿಲ್ಲ. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಅದೊಂದು ಬಿಟ್ಟುಹೋಗಿತ್ತು.

"ಹುಡುಗಿಗೆ ಏನು ಹೇಳ್ಬೇಕು?" ಅಕ್ಕ ಕೂಗಿದಳು.

"ಬೇರೆ ತಂಡ ನೋಡ್ಕೋ ಅಂತ ಹೇಳು," ಎಂದು ಗುಮ್ಮ ಎರಡೂ ಕೈ ಕೀಲಿಮಣೆಯ ಮೇಲಿಟ್ಟಳು.

ಗೆಲ್ಲಲಿಲ್ಲ. ಮೂರು ಅಂಕದಿಂದ ಸೋತರು. ಅದೂ ಅಕ್ಕ ದುಡುಕಿ ಹಳ್ಳಕ್ಕೆ ಹಾರಿದ್ದರಿಂದ. ಕೋಟೆಬಾಗಿಲು ಮಾತ್ರ ಕೊನೆಯವರೆಗೂ ಬೀಳಲಿಲ್ಲ. ಆಮೇಲೆ ಅಕ್ಕ, "ಮುಂದಿನ ಶನಿವಾರ ಎರಡು ಗಂಟೆಗೆ ಸರಿಯಾಗಿ ಬಾ," ಎಂದಳು. "ಅಲ್ವೇ, ಇಷ್ಟೆಲ್ಲ ಮಾಡಿದೆ ಅಂತೀಯ, ಆ ಗಿರಣಿ ಸದ್ದು ಇನ್ನೂ ಕೇಳ್ತಾನೇ ಇದೆ?"

"ಅದು ಹೊಸ ವ್ಯವಸ್ಥೆ," ಎಂದಳು ಇವಳು ಗಂಭೀರವಾಗಿ.

ಸಂಜೆ ಗಂಡ ಬಂದು ನೋಡಿದರೆ, ಮೇಜಿನ ಮೇಲೊಂದು ಕಂಪ್ಯೂಟರ್ ಬೆಕ್ಕಿನಂತೆ ಸುಮ್ಮನಿತ್ತು, ಮೂಲೆಯಲ್ಲೊಂದು ಕಂಪ್ಯೂಟರ್ ಯಾವ ಕೆಲಸವೂ ಇಲ್ಲದೆ ಗುಂಯ್‌ಗುಟ್ಟುತ್ತಿತ್ತು.

"ಎರಡೂ ಯಾಕೆ ಓಡ್ತಿವೆ?"

"ಒಂದು ನನಗೆ, ಒಂದು ಅವಳಿಗೆ."

ಅವನು ತೊಟ್ಟಿಲ ಕಡೆ ನೋಡಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಒಳಗೆ ಹೋದ. ಅವಳು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪಟ್ಟಿಯಲ್ಲಿ ಹದಿನೆಂಟನೆಯ ಸಾಲು ಬರೆದಳು: 'ಮಗುವನ್ನು ಮಲಗಿಸುವ ಮುನ್ನ ಗಿರಣಿ ಚೆನ್ನಾಗಿ ಸದ್ದು ಮಾಡುತ್ತಿದೆಯೇ ಖಚಿತಪಡಿಸಿಕೊಳ್ಳಿ.'

ಅರದ ಪುಡಿ ಒರೆಸಿ ಕ್ಯಾನ್ವಾಸ್ ಚೀಲ ಕಟ್ಟುತ್ತಿದ್ದ ಮಾವ ಮಾತ್ರ ಇನ್ನೂ ಕೆಲಸದ ಗುಂಗಿನಲ್ಲಿದ್ದರು.

"ಎರಡು ಎಲ್ಬೋ ಮಿಕ್ಕಿದೆಯಮ್ಮ. ಆ ಹಳೇದಕ್ಕೂ ನೀರು ಹಾಯಿಸಿಬಿಡೋಣ್ವಾ?"

"ಅಯ್ಯೋ, ಬೇಡ ಮಾವ!" ಎಂದು ಅವಳು ಕೂಗಿದ ಕೂಗಿಗೆ ಮಗಳು ಮಗ್ಗುಲು ಬದಲಿಸಿದಳು. ಎಚ್ಚರವಾಗಲಿಲ್ಲ.